ನಿಮ್ಮ ಮನೆಯಲ್ಲಿ ಆ ಹಾಡು ಎಲ್ಲಿಗೆ ನಿಲ್ಲುತ್ತಿತ್ತು?

ಸೂಳೆಕೆರೆ ಸೀಮೆಯವಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಹಾಡಿನ ವಿಷಯ ಬಹಳ ದಿನದಿಂದ ತಲೆಯಲ್ಲಿದೆ. ಇಲ್ಲಿ ಕೇಳಿದರೆ ಗೊತ್ತಿದ್ದವರು ಯಾರಾದರೂ ಹೇಳಬಹುದು ಅಂತ ಬರೆಯುತ್ತಿದ್ದೇನೆ.

ನನ್ನ ತವರು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಹತ್ತಿರದ ಹಳ್ಳಿ. ಅಜ್ಜಿ ತೊಗರಿ ಒಡೆಯಲು ಬೀಸುಕಲ್ಲಿನ ಮುಂದೆ ಕೂತರೆ ‘ಕೆರೆಗೆ ಹಾರ’ ಹಾಡುತ್ತಿದ್ದರು. ಕಥೆ ನಿಮಗೆಲ್ಲ ಗೊತ್ತೇ ಇದೆ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಹಾರ ಕೊಡಬೇಕು ಅಂತ ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಮೋಸ. ಹಾಗಾಗಿ ಕಿರಿಸೊಸೆ ಭಾಗೀರತಿ. ಅವಳ ಗಂಡ ಮಾದೇವರಾಯ ಊರಲ್ಲೇ ಇಲ್ಲ, ದಂಡಿನಲ್ಲಿದ್ದಾನೆ.

ಅಜ್ಜಿ ಹಾಡುವಾಗ ನಾನು ಎದುರಿಗೆ ಕೂತು ಮೊರದಿಂದ ಕಾಳು ಎತ್ತಿ ಕೊಡುತ್ತಿದ್ದೆ. ಭಾಗೀರತಿ ಬಂಗಾರದ ಬಟ್ಟಲು ಮರೆತು ಬಂದೆ ಅಂತ ತಿರುಗಿ ಕೆರೆಗೆ ಇಳಿಯುವ ಜಾಗ ಬಂದಾಗ ಕಲ್ಲು ನಿಧಾನ ಆಗುತ್ತಿತ್ತು. ಒಂದು ಮೆಟ್ಟಿಲು ಏರಿದಳು, ನೀರು ಪಾದಕ್ಕೆ ಬಂತು. ಆಮೇಲೆ ಮೊಣಕಾಲಿಗೆ, ನಡುವಿಗೆ, ಎದೆಗೆ. ಒಂದು ಮೆಟ್ಟಿಲಿಗೆ ಒಂದೇ ಸುತ್ತು. ಅವಳು ಮುಳುಗುವ ಹೊತ್ತಿಗೆ ಕಲ್ಲು ನಿಂತೇ ಬಿಡುತ್ತಿತ್ತು. ಅಜ್ಜಿ ಸೆರಗಿನ ತುದಿಯಿಂದ ಕಲ್ಲಿನ ಅಂಚು ಒರೆಸಿ, “ಅಷ್ಟೇ ಕಣೇ” ಅಂತ ಏಳುತ್ತಿದ್ದರು.

ಹೈಸ್ಕೂಲಿನಲ್ಲಿ ಪದ್ಯ ಓದಿದಾಗ ನನಗೆ ಆಶ್ಚರ್ಯ ಆಯಿತು. ಹಾಡು ಅಲ್ಲಿಗೆ ಮುಗಿಯುವುದಿಲ್ಲ! ದಂಡಿನಲ್ಲಿದ್ದ ಗಂಡನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಹತ್ತಿ ಓಡಿ ಬರುತ್ತಾನೆ. ತವರಿಗೆ ಹೋಗಿದ್ದಾಳೆ ಅಂತ ಮನೆಯವರು ಸುಳ್ಳು ಹೇಳುತ್ತಾರೆ. ಕೊನೆಗೆ ಗೆಳತಿ ನಿಜ ಹೇಳುತ್ತಾಳೆ. ಅವನೂ ಅದೇ ಕೆರೆಗೆ ಹಾರಿಕೊಳ್ಳುತ್ತಾನೆ. ಮನೆಗೆ ಬಂದು “ಅಜ್ಜಿ, ಇದನ್ನ ಯಾಕೆ ಹಾಡಲ್ಲ?” ಅಂತ ಕೇಳಿದೆ. ಅಜ್ಜಿ, “ಅವನ ಪಾಡು ಅವನ ಕಡೆಯೋರು ಹಾಡ್ಕೊಳ್ಳಲಿ” ಅಂದರು. ಮುಂದೆ ಮಾತಿಲ್ಲ.

ಅಜ್ಜಿ ಈಗ ಇಲ್ಲ. ನಿಮ್ಮ ಮನೆಗಳಲ್ಲಿ ಈ ಹಾಡು ಎಲ್ಲಿಗೆ ನಿಲ್ಲುತ್ತಿತ್ತು? ಬೇರೆ ಹಾಡುಗಳ ಕಥೆ ಇದ್ದರೂ ಬರೆಯಿರಿ. ನಿಮಗೆ ಇಷ್ಟವಾದ ಹಾಡು, ಅದರ ಹಿಂದಿನ ಕಥೆ, ನೀವು ಕೇಳಿದ ಧಾಟಿ, ಯಾವುದಾದರೂ ಸರಿ.

ಕೋಟೆ ಕೆಳಗಿನ ಮನೆ, ಚಿತ್ರದುರ್ಗ

ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲಿ ‘ಕೆರೆಗೆ ಹಾರ’ ಹಾಡುವವರು ಇರಲಿಲ್ಲ. ನಮ್ಮದು ಸಿನಿಮಾ ಹಾಡಿನ ಮನೆ.

ದುರ್ಗದವರಿಗೆ ಹಾಡು ಅಂದರೆ ಮೊದಲು ‘ನಾಗರಹಾವು’, 1972ರದ್ದು. ಪುಟ್ಟಣ್ಣ ಕಣಗಾಲ್, ವಿಜಯಭಾಸ್ಕರ್ ಸಂಗೀತ. ‘ಬಾರೆ ಬಾರೆ ಚೆಂದದ ಚೆಲುವಿನ ತಾರೆ’ ಹಾಡಿನಲ್ಲಿ ನಾಯಕಿ ಗಾಳಿಯಲ್ಲಿ ತೇಲಿಕೊಂಡು ಬಂದ ಹಾಗೆ ಕಾಣುತ್ತಾಳಲ್ಲ, ಅದು ನಿಧಾನ ಚಲನೆಯಲ್ಲಿ ತೆಗೆದದ್ದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತದೆ. ಕ್ಯಾಮೆರಾದಲ್ಲಿ ಅದಕ್ಕಿಂತ ಜಾಸ್ತಿ ತೆಗೆದು, ಪರದೆಯ ಮೇಲೆ ಮಾಮೂಲಿ ವೇಗದಲ್ಲಿ ಬಿಟ್ಟರೆ ನಡಿಗೆ ನಿಧಾನ ಆಗುತ್ತದೆ. ಹಾಗೆ ತೆಗೆಯುವಾಗ ತುಟಿ ಸರಿಹೋಗಬೇಕಾದರೆ ಹಾಡನ್ನು ಅಷ್ಟೇ ವೇಗ ಜಾಸ್ತಿ ಮಾಡಿ ಕೇಳಿಸಬೇಕು. ಇದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ದೊಡ್ಡಪ್ಪ. ಅವರು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು.

ಆದರೆ ನನ್ನ ಹಾಡು ಅದಲ್ಲ, ‘ಕನ್ನಡ ನಾಡಿನ ವೀರ ರಮಣಿಯ’. ಎಸ್ಪಿಬಿ ದನಿ ಬಂದ ಕೂಡಲೇ ಮೈ ಜುಮ್ ಅನ್ನುತ್ತದೆ. ಓಬವ್ವನ ಕಿಂಡಿ ಮುಂದೆ ಒಂದು ಸಲ ನಿಂತು ನೋಡಿ. ಒಬ್ಬರು ಬಗ್ಗಿ ನುಸುಳುವಷ್ಟೇ ಜಾಗ. ಹತ್ತಿರದಲ್ಲೇ ತಣ್ಣೀರು ದೋಣಿ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಬಂದಿದ್ದಾಳೆ. ನೀರಿಗೆ ಬಂದವಳಿಗೆ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಕೈಗೆ ಸಿಕ್ಕಿದ್ದು ಒನಕೆ. ಜಾಗ ನೋಡಿದ ಮೇಲೆ ಹಾಡು ಬೇರೆಯೇ ಆಗುತ್ತದೆ.

ಹರಿಹರ ಹೊಳೆದಂಡೆ

ಸರ್, ಒಂದು ಸಣ್ಣ ತಿದ್ದುಪಡಿ. ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿದವರು ಪಿ.ಬಿ. ಶ್ರೀನಿವಾಸ್. ಬರೆದವರು ಚಿ. ಉದಯಶಂಕರ್. ಅದೇ ಸಿನಿಮಾದಲ್ಲಿ ಎಸ್ಪಿಬಿ ಹಾಡಿದ್ದು ‘ಹಾವಿನ ದ್ವೇಷ ಹನ್ನೆರಡು ವರುಷ’. ಓಬವ್ವನಾಗಿ ಬಂದವರು ಜಯಂತಿ. ಇಡೀ ಸಿನಿಮಾದಲ್ಲಿ ಅವರು ಇರುವುದು ಅಷ್ಟೇ ಹೊತ್ತು, ಆದರೂ ಓಬವ್ವ ಅಂದರೆ ಜನರಿಗೆ ಇವತ್ತಿಗೂ ಆ ಮುಖವೇ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ವಿಷಯ. ಪುಟ್ಟಣ್ಣನವರೇ 1974ರಲ್ಲಿ ಇದೇ ಕಥೆಯನ್ನು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಅಂತ ತೆಗೆದರು. ರಾಮಾಚಾರಿ ಪಾತ್ರಕ್ಕೆ ರಿಷಿ ಕಪೂರ್, ಸಂಗೀತ ಆರ್.ಡಿ. ಬರ್ಮನ್. ಅದರ ‘ಓ ಹಂಸಿನಿ’ ಹಾಡನ್ನು ಕಿಶೋರ್ ಕುಮಾರ್ ಹಾಡಿದ್ದಾರೆ. ಸಿನಿಮಾ ಓಡಲಿಲ್ಲ, ಹಾಡು ಉಳಿಯಿತು. ನಾನು ಪುಣೆಯಲ್ಲಿ ಕೆಲಸ ಮಾಡುವಾಗ ರೂಮಿನಲ್ಲಿದ್ದ ಹುಡುಗ ದಿನಾ ರಾತ್ರಿ ಆ ಹಾಡು ಹಾಕುತ್ತಿದ್ದ. ಇದು ನಮ್ಮ ಚಿತ್ರದುರ್ಗದ ಕಥೆಯ ಹಾಡು ಅಂದರೆ ಅವನು ನಂಬಲಿಲ್ಲ. ‘ಬಾರೆ ಬಾರೆ’ ಕೇಳಿಸಿದೆ. ಒಂದು ಪದ ಅರ್ಥ ಆಗದಿದ್ದರೂ ಮೂರು ಸಲ ಕೇಳಿದ. ಎರಡರ ರಾಗವೂ ಬೇರೆ, ನಡೆಯೂ ಬೇರೆ. ಆದರೂ ಒಂದನ್ನು ಕೇಳುವಾಗ ನನಗೆ ಇನ್ನೊಂದು ನೆನಪಾಗುತ್ತದೆ.

ಕೋಟೆ ಕೆಳಗಿನ ಮನೆ, ಚಿತ್ರದುರ್ಗ

ನೀವು ಹೇಳಿದ್ದೇ ಸರಿ ಸರ್, ಪಿ.ಬಿ.ಎಸ್. ಇಷ್ಟು ವರ್ಷ ತಪ್ಪಾಗಿ ಹೇಳಿಕೊಂಡು ಬಂದಿದ್ದೆ. ಈಗ ಮತ್ತೆ ಹಾಕಿ ಕೇಳಿದೆ. ಥ್ಯಾಂಕ್ಸ್.

ಮೇಷ್ಟ್ರು, ಮಲೇಬೆನ್ನೂರು

ನಾಗರಹಾವು ಅಂದ ಮೇಲೆ ತ.ರಾ.ಸು. ಅವರ ಹೆಸರು ಬರಲೇಬೇಕು. ಆ ಸಿನಿಮಾಕ್ಕೆ ಕಥೆ ಅವರ ಮೂರು ಕಾದಂಬರಿಗಳದ್ದು. ಅವರು ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲಿ, 1920ರಲ್ಲಿ. ಮನೆತನ ಚಳ್ಳಕೆರೆ ಕಡೆಯ ತಳುಕಿನದು. ಹಾಗಾಗಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರು ಅವರನ್ನು ನಮ್ಮವರು ಅನ್ನಬಹುದು.

ನನಗೆ ಇಷ್ಟದ ವಿಷಯ ಅವರ ‘ಹಂಸಗೀತೆ’. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ದೇವರಿಗೆ ಹಾಡಿದ ನಾಲಿಗೆಯಿಂದ ದೊರೆಗೆ ಹಾಡುವುದಿಲ್ಲ ಅಂತ ನಾಲಿಗೆಯನ್ನೇ ಕತ್ತರಿಸಿಕೊಂಡವನು. ಈ ಕಾದಂಬರಿಯಿಂದ ಎರಡು ಸಿನಿಮಾ ಬಂದವು. ಎರಡೂ ಹಾಡಿನಿಂದಲೇ ಹೆಸರಾದವು.

ಮೊದಲನೆಯದು ಹಿಂದಿಯ ‘ಬಸಂತ್ ಬಹಾರ್’, 1956. ಶಂಕರ್ ಜೈಕಿಶನ್ ಸಂಗೀತ. ಅದರಲ್ಲಿ ಇಬ್ಬರು ಗಾಯಕರ ಸ್ಪರ್ಧೆಯ ಒಂದು ಹಾಡಿದೆ, ‘ಕೇತಕಿ ಗುಲಾಬ್ ಜೂಹಿ’. ಸೋಲುವವನಿಗೆ ದನಿ ಕೊಟ್ಟವರು ನಮ್ಮ ಗದಗ ಸೀಮೆಯ ಭೀಮಸೇನ ಜೋಶಿ. ಗೆಲ್ಲುವ ನಾಯಕನಿಗೆ ಮನ್ನಾ ಡೇ. ಭೀಮಸೇನರ ಎದುರು ಹಾಡಿ ಗೆಲ್ಲಬೇಕು ಅಂದಾಗ ತಾವು ಹೆದರಿ ಊರು ಬಿಟ್ಟು ಹೋಗೋಣ ಅಂದುಕೊಂಡಿದ್ದನ್ನು ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರೆ. ಹೆಂಡತಿ ಧೈರ್ಯ ಹೇಳಿದರಂತೆ. ಆ ಹಾಡನ್ನು ಗಮನ ಇಟ್ಟು ಕೇಳಿ. ಗೆಲ್ಲುವವನ ದನಿಯಲ್ಲಿ ಒಂದು ಎಚ್ಚರ ಇದೆ. ಸೋಲುವವನ ದನಿಯಲ್ಲಿ ಯಾವ ಆತಂಕವೂ ಇಲ್ಲ. ಕಥೆ ಗೊತ್ತಾದ ಮೇಲೆ ಆ ಎಚ್ಚರ ನನಗೆ ಇನ್ನೂ ಇಷ್ಟವಾಯಿತು.

ಎರಡನೆಯದು ಜಿ.ವಿ. ಅಯ್ಯರ್ ಅವರ ಕನ್ನಡದ ‘ಹಂಸಗೀತೆ’, 1975. ಅನಂತನಾಗ್ ನಾಯಕ. ಅದರಲ್ಲಿ ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದೇ ಕಥೆ ಉತ್ತರಕ್ಕೆ ಹೋಗಿ ಹಿಂದೂಸ್ತಾನಿ ಆಯಿತು, ಮನೆಗೆ ಮರಳಿ ಬಂದು ಕರ್ನಾಟಕ ಸಂಗೀತ ಆಯಿತು. ಇದನ್ನು ಮಕ್ಕಳಿಗೆ ಪಾಠದ ನಡುವೆ ಹೇಳುತ್ತಿದ್ದೆ. ಪಾಠ ಮರೆತವರೂ ಸಿಕ್ಕಾಗ ಇದನ್ನು ನೆನಪು ಮಾಡುತ್ತಾರೆ.

ಹೊಸದುರ್ಗದ ತೆಂಗಿನ ತೋಟ

ನನ್ನದು ‘ಮಾಯದಂಥ ಮಳೆ ಬಂತಣ್ಣ ಮದಗದ ಕೆರೆಗೆ’.

ಶಾಲೆಗಳಲ್ಲಿ ಈ ಹಾಡಿಗೆ ಮಕ್ಕಳನ್ನು ಕುಣಿಸುತ್ತಾರೆ. ಧಾಟಿಯೂ ಕುಣಿಯುವ ಹಾಗೇ ಇದೆ. ಆದರೆ ಒಳಗಿನ ಮಾತು ಕೇಳಿ. ಅಂಗೈಯಷ್ಟು ಮೋಡ, ಅದರಿಂದ ಸುರಿದ ಮಳೆ, ಏರಿ ಒಡೆಯುವಷ್ಟು ತುಂಬಿದ ಕೆರೆ. ಮಾತಾಡುವವಳು ಗಂಗಮ್ಮ. ‘ನಾ ನಿಲ್ಲುವಳಲ್ಲ’ ಅಂತ ಪ್ರತಿ ನುಡಿಗೂ ಹೇಳುತ್ತಾಳೆ. ಓಡಿ ಹೋಗಿ ಸುದ್ದಿ ಕೊಡಿ, ಒಡ್ಡರನ್ನು ಕರೆಸಿ, ಮಣ್ಣು ಹಾಕಿಸಿ ಅನ್ನುತ್ತಾಳೆ. ತಾನೇ ಒಡೆದುಕೊಂಡು ಹೋಗುವವಳು, ತಾನೇ ಎಚ್ಚರಿಕೆಯನ್ನೂ ಕೊಡುತ್ತಾಳೆ.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾವು ಮನೆಮಂದಿಯೆಲ್ಲ ನೋಡಲು ಹೋಗಿದ್ದೆವು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಅದೇ ಎರಡನೇ ಸಲ. ಅಂದರೆ 89 ವರ್ಷ. ಜನ ಅಂದರೆ ಜಾತ್ರೆ. ಅಲ್ಲಿ ಒಬ್ಬ ಮುದುಕಮ್ಮ ಮೊಮ್ಮಗನ ಕೈ ಹಿಡಿದುಕೊಂಡು, ನೀರು ಬೀಳುವ ಕಡೆ ನೋಡುತ್ತಾ ಈ ಹಾಡನ್ನು ತುಂಬಾ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಕುಣಿಯುವ ಧಾಟಿ ಅಲ್ಲ. ಜೋಗುಳದ ಹಾಗೆ, ಎಳೆದು ಎಳೆದು. ಅವತ್ತಿನಿಂದ ನನ್ನ ಕಿವಿಯಲ್ಲಿ ಅದೇ ಧಾಟಿ.

ಮದಗದ ಕೆರೆ ಅಂದರೆ ನಮ್ಮ ಪಕ್ಕದ ಕಡೂರಿನದ್ದು. ಚಿಕ್ಕಂದಿನಿಂದ ಹಾಗೇ ಕೇಳಿದ್ದೇನೆ.

ಹರಿಹರ ಹೊಳೆದಂಡೆ

ನಮ್ಮ ಅತ್ತಿಗೆ ಹಿರೇಕೆರೂರಿನವರು. ಅವರ ಮುಂದೆ ಈ ಮಾತು ಹೇಳಿದರೆ ಊಟ ಹಾಕುವುದಿಲ್ಲ. ಮಾಸೂರಿನ ಮದಗದ ಕೆರೆಯ ಹಾಡು ಅದು ಅಂತಾರೆ. ಕುಮುದ್ವತಿ ನದಿಗೆ ಕಟ್ಟಿದ ಕೆರೆ.

ಹೊಸದುರ್ಗದ ತೆಂಗಿನ ತೋಟ

ಅವರದ್ದೂ ಇರಲಿ, ನಮ್ಮದೂ ಇರಲಿ. ಕೆರೆ ಇದ್ದ ಕಡೆಯೆಲ್ಲ ಏರಿ ಒಡೆಯುವ ಭಯ ಇತ್ತು, ಅಲ್ವಾ? ಅತ್ತಿಗೆಯವರು ಯಾವ ಧಾಟಿಯಲ್ಲಿ ಹಾಡುತ್ತಾರೆ ಅಂತ ಕೇಳಿ ಹೇಳಿ.

ಪಿ.ಜೆ. ಬಡಾವಣೆ, ದಾವಣಗೆರೆ

ನಾನು ಆರ್ಕೆಸ್ಟ್ರಾದಲ್ಲಿ 12 ವರ್ಷ ಕೀಬೋರ್ಡ್ ನುಡಿಸಿದವನು. ದಾವಣಗೆರೆಯ ಮದುವೆ ಛತ್ರಗಳಲ್ಲಿ ರಿಸೆಪ್ಷನ್ ದಿನ ಭಾವಗೀತೆ ಕೇಳುವ ಜನ ಈಗಲೂ ಇದ್ದಾರೆ. ಅವರು ಜಾಸ್ತಿ ಕೇಳುತ್ತಿದ್ದ ಹಾಡು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಗಂಡು ಹೆಣ್ಣು ವೇದಿಕೆಯ ಮೇಲೆ ನಗುತ್ತಾ ನಿಂತಿರುತ್ತಾರೆ, ಕೆಳಗೆ ನಾವು ಇದನ್ನು ಪ್ರೇಮಗೀತೆ ಅಂತ ನುಡಿಸುತ್ತಿದ್ದೆವು. ನನಗೂ ಅದು ಪ್ರೇಮಗೀತೆಯೇ ಆಗಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಹಿರಿಯರೊಬ್ಬರು ಹತ್ತಿರ ಬಂದು ಕೇಳಿದರು, “ತಮ್ಮಾ, ಈ ಪದ್ಯ ಯಾವಾಗ ಬರೆದದ್ದು ಗೊತ್ತಾ?” ಮಗು ತೀರಿಕೊಂಡಾಗ ಬರೆದದ್ದು. ಮಗುವನ್ನು ಕಳೆದುಕೊಂಡ ಹೆಂಡತಿ ಗಂಡನ ಮುಖ ನೋಡುತ್ತಾಳೆ. ಆ ನೋಟ ತಡೆಯಲಾರದೆ ಗಂಡ ಹೇಳುವ ಮಾತು. ಅದು ಗೊತ್ತಾದ ಮೇಲೆ ಮದುವೆಯಲ್ಲಿ ಅದನ್ನು ನುಡಿಸಲು ನನ್ನ ಕೈ ಬರಲಿಲ್ಲ. ಯಾರಾದರೂ ಚೀಟಿ ಕಳಿಸಿದರೆ ಬೇರೆ ಹಾಡು ಹಾಕಿಸುತ್ತಿದ್ದೆ.

ಹಾಡಿನ ಕಥೆ ಗೊತ್ತಿಲ್ಲದೆ ಹಾಡಬಾರದು ಅಂತ ನನ್ನ ಅಭಿಪ್ರಾಯ. ಕಟುವಾಗಿ ಕೇಳಿಸಿದರೆ ಕ್ಷಮಿಸಿ.

ಚಳ್ಳಕೆರೆ ಶೇಂಗಾ ಹೊಲ

ಅಣ್ಣ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ‘ಹಾಡಬಾರದು’ ಅನ್ನುವ ಮಾತು ನಾನು ಒಪ್ಪುವುದಿಲ್ಲ.

ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹೆಸರು ಕೇಳಿರುತ್ತೀರಿ. ಅಕ್ಷರ ಕಲಿತವರಲ್ಲ. ಕಾಡುಗೊಲ್ಲರ ಪದಗಳನ್ನು ಸಾವಿರಗಟ್ಟಲೆ ಬಾಯಲ್ಲೇ ಇಟ್ಟುಕೊಂಡಿದ್ದವರು. ಅವರ ಪದಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹ ಮಾಡಿದ್ದಾರೆ, ‘ಸಾವಿರದ ಸಿರಿ ಬೆಳಗು’ ಅಂತ ಪುಸ್ತಕ ಇದೆ. ನಮ್ಮ ಕಡೆ ಸೋಬಾನೆಯಲ್ಲಿ, ಹಸೆಯ ಮುಂದೆ, ಪದ ಹೇಳುವವರು ಎದುರಿಗಿರುವ ಮದುವಣಗಿತ್ತಿಯ ಮುಖ ನೋಡಿ ನುಡಿ ಬದಲಾಯಿಸುತ್ತಾರೆ. ತಾಯಿ ಇಲ್ಲದ ಹುಡುಗಿ ಕೂತಿದ್ದರೆ ತಾಯಿಯ ನುಡಿ ಬಿಟ್ಟು ಸೋದರಮಾವನ ನುಡಿಗೆ ಹೋಗುತ್ತಾರೆ. ಇದನ್ನು ನಮ್ಮ ತಂಗಿ ಮದುವೆಯಲ್ಲಿ ಕಣ್ಣಾರೆ ನೋಡಿದೆ. ನಮ್ಮವ್ವ ತೀರಿಕೊಂಡು ಆರು ತಿಂಗಳಾಗಿತ್ತು. ಪದ ಹೇಳುತ್ತಿದ್ದ ಅಮ್ಮ ಒಂದು ಗಳಿಗೆ ಉಸಿರು ಹಿಡಿದರು. ಮುಂದಿನ ನುಡಿ ಹಾರಿಸಿ ಅದರ ಮುಂದಿನದನ್ನು ಹಿಡಿದರು. ದನಿಗೂಡಿಸುವವರು ಒಬ್ಬರೂ ತಪ್ಪಲಿಲ್ಲ. ತಂಗಿಗೆ ಅದು ಗೊತ್ತೂ ಆಗಲಿಲ್ಲ.

ಮದುವೆಯಲ್ಲಿ ಬೇಂದ್ರೆ ಹಾಡು ಕೇಳಿ ಖುಷಿಪಟ್ಟವರದ್ದೂ ತಪ್ಪಲ್ಲ ಅಣ್ಣ. ಅವರಿಗೆ ಸಿಕ್ಕ ಹಾಡು ಅದು.

ಪಿ.ಜೆ. ಬಡಾವಣೆ, ದಾವಣಗೆರೆ

ಮುಖ ನೋಡಿ ನುಡಿ ಬಿಡುವುದು ಬೇರೆ, ಗೊತ್ತಿಲ್ಲದೆ ಹಾಡುವುದು ಬೇರೆ ತಮ್ಮಾ. ಆ ಅಮ್ಮನಿಗೆ ಪೂರ್ತಿ ಹಾಡು ಗೊತ್ತಿತ್ತು, ಅದಕ್ಕೇ ಸರಿಯಾದ ಕಡೆ ಬಿಟ್ಟರು. ಆದರೆ ನಿನ್ನ ತಂಗಿ ಮದುವೆ ವಿಷಯ ಓದಿ ಮನಸ್ಸು ತುಂಬಿ ಬಂತು.

ಶಾಲೆ ಟೀಚರ್, ದಾವಣಗೆರೆ

ನಾಡಗೀತೆ ಬಗ್ಗೆ ಎರಡೇ ಮಾತು. ‘ಜಯ ಭಾರತ ಜನನಿಯ ತನುಜಾತೆ’ಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ ಇದೆ, ಸಿ. ಅಶ್ವತ್ಥ್ ಅವರದ್ದೂ ಇದೆ. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಗೊತ್ತು ಮಾಡಿತು, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂತ. ಪ್ರಾರ್ಥನೆ ಹೊತ್ತಿಗೆ ಅದು ಅನುಕೂಲವೇ. ಆದರೆ ಅಶ್ವತ್ಥ್ ಅವರ ಧಾಟಿ ಕಲಿತ ಹಳೆ ವಿದ್ಯಾರ್ಥಿಗಳು ಧ್ವಜ ಹಾರಿಸುವ ದಿನ ಬಂದರೆ ಹಿಂದಿನ ಸಾಲಿನಲ್ಲಿ ಅವರ ದನಿ ಆ ಕಡೆಗೇ ಎಳೆಯುತ್ತದೆ. ನಾನು ಯಾರನ್ನೂ ತಿದ್ದುವುದಿಲ್ಲ.

ಸೂಳೆಕೆರೆ ಸೀಮೆಯವಳು, ದಾವಣಗೆರೆ

ಎಲ್ಲರ ಬರಹ ಓದಿದೆ. ಚಳ್ಳಕೆರೆಯವರು ಬರೆದದ್ದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಭಾನುವಾರ ಊರಿಗೆ ಹೋದೆ. ಸೋದರತ್ತೆ ಇದ್ದಾರೆ, ಅಜ್ಜಿಯ ಕಿರಿಮಗಳು, 78 ವರ್ಷ. ಹಿತ್ತಲಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ನಾನೂ ಒಂದು ಮೆಟ್ಟುಗತ್ತಿ ಹಿಡಿದು ಕೂತೆ. ಸುಮಾರು ಹೊತ್ತು ಆದ ಮೇಲೆ ಕೇಳಿದೆ, “ಅತ್ತೆ, ಅಜ್ಜಿ ಗಂಡನ ಭಾಗ ಯಾಕೆ ಹಾಡ್ತಿರಲಿಲ್ಲ?”

ಅತ್ತೆ ತಲೆ ಎತ್ತಲಿಲ್ಲ. ಹೇಳಿದ್ದು ಇಷ್ಟು. ನಮ್ಮ ತಾತನಿಗೆ ಮೊದಲು ಕೊಟ್ಟಿದ್ದು ಅಜ್ಜಿಯನ್ನಲ್ಲ, ಅಜ್ಜಿಯ ಅಕ್ಕನನ್ನು. ಚೊಚ್ಚಲ ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋದರು. ವರ್ಷ ತುಂಬುವ ಮೊದಲೇ ಅದೇ ಮನೆಗೆ, ಅದೇ ಗಂಡಸಿಗೆ ತಂಗಿಯನ್ನು ಕೊಟ್ಟರು. ಆ ತಂಗಿ ನಮ್ಮಜ್ಜಿ. ಆಗ ಅವರಿಗೆ ಹದಿನಾಲ್ಕು. ‘ಕೆರೆಗೆ ಹಾರ’ ಹಾಡನ್ನು ಅಜ್ಜಿಗೆ ಕಲಿಸಿದವಳು ಆ ಅಕ್ಕನೇ ಅಂತೆ. ಪೂರ್ತಿ ಕಲಿಸಿದ್ದಳು. ಅಜ್ಜಿಗೆ ಕೊನೆಯ ಸಾಲಿನವರೆಗೂ ಬರುತ್ತಿತ್ತು.

ತಾತ ಕೆಟ್ಟವರಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಗೆ ಕರೆದುಕೊಂಡು ಹೋಗುತ್ತಿದ್ದವರು. ಶಾಂತವ್ವ ಕಟ್ಟಿಸಿದ ಕೆರೆ ಕಣವ್ವ ಇದು, ಚಿತ್ರದುರ್ಗದವರೂ ಇದರ ನೀರು ಕುಡೀತಾರೆ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಅಜ್ಜಿ ಹಾಡುವಾಗ ಅವರು ಜಗುಲಿಯಲ್ಲೇ ಕೂತಿರುತ್ತಿದ್ದರು. ಈಗ ನೆನಪಾಗುತ್ತಿದೆ, ಕಲ್ಲು ನಿಂತ ಮೇಲೆ ಅವರು ಒಂದು ಸಲ ಕೆಮ್ಮಿ ಎದ್ದು ದನದ ಕೊಟ್ಟಿಗೆ ಕಡೆ ಹೋಗುತ್ತಿದ್ದರು.

ಅತ್ತೆಯನ್ನು ಹಾಡಿಸಿದೆ. ಅವರು ಪೂರ್ತಿ ಹಾಡುತ್ತಾರೆ, ಗಂಡನ ಭಾಗವನ್ನೂ. ಅಪ್ಪನ ಮನೆಗೆ ಹೋದ ಭಾಗೀರತಿ ‘ಅತ್ತೆ ಮಾವ ಬೇರೆ ಇಡ್ತಾರಂತೆ’ ಅಂತ ಸುಳ್ಳು ಹೇಳಿ ಅಳು ನುಂಗುವ ನುಡಿ ನಾನು ಚಿಕ್ಕವಳಿದ್ದಾಗ ಕೇಳಿದ್ದ ಹಾಗೇ ಇತ್ತು. ಹೊಲಮನೆ ಕೊಡಿಸುತ್ತೇನೆ ಬಿಡು ಅನ್ನುತ್ತಾನೆ ಪಾಪ ಆ ಅಪ್ಪ. ಅವನಿಗೇನು ಗೊತ್ತು. ಪುಸ್ತಕದಲ್ಲಿ ‘ಕಿರಿಸೊಸಿ’, ನಮ್ಮತ್ತೆ ಬಾಯಲ್ಲಿ ‘ಕಿರಿಸೊಸೆ’. ಅಷ್ಟೇ ವ್ಯತ್ಯಾಸ.

ಮೇಷ್ಟ್ರು, ಮಲೇಬೆನ್ನೂರು

ತಾಯೀ, ಮೂವತ್ತು ವರ್ಷ ಆ ಪದ್ಯ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಗಂಡ ಹಾರುವ ಜಾಗದಲ್ಲಿ ಹುಡುಗಿಯರು ಸುಮ್ಮನಾಗಿ ಬಿಡುತ್ತಿದ್ದರು. ಅದು ದುಃಖ ಅಂದುಕೊಂಡಿದ್ದೆ. ಕೇಳಬೇಕಿತ್ತು ಅನ್ನಿಸುತ್ತಿದೆ. ರೆಕಾರ್ಡ್ ಮಾಡಿದ್ದೀರಾ?

ಪಿ.ಜೆ. ಬಡಾವಣೆ, ದಾವಣಗೆರೆ

ಅಕ್ಕ, ನನ್ನ ಹತ್ತಿರ ಒಳ್ಳೆ ಮೈಕ್ ಇದೆ. ಅತ್ತೆಯವರಿಗೆ ಬೇಜಾರಿಲ್ಲ ಅಂದರೆ ಬರುತ್ತೇನೆ. ಕೀಬೋರ್ಡ್ ತರುವುದಿಲ್ಲ.

ಸೂಳೆಕೆರೆ ಸೀಮೆಯವಳು, ದಾವಣಗೆರೆ

ಫೋನಿನಲ್ಲಿ ಮಾಡಿದ್ದೇನೆ ಮೇಷ್ಟ್ರೇ. ಆದರೆ ಎದೆಮಟ್ಟದ ನೀರಿನ ಹತ್ತಿರ ಪಕ್ಕದ ಮನೆಯ ಪಂಪ್‌ಸೆಟ್ ಶುರುವಾಗಿ ದನಿ ಕೇಳಿಸುವುದಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ತಮ್ಮಾ, ನೀವೂ ಬನ್ನಿ. ಅತ್ತೆಗೆ ಹೇಳಿದ್ದೇನೆ. ಎರಡು ಸಲ ಹಾಡುತ್ತಾರಂತೆ, ಒಂದು ತಮ್ಮದು, ಒಂದು ಅವರವ್ವನದು. ಬೀಸುಕಲ್ಲು ಅಟ್ಟದ ಕೆಳಗೆ ಬಿದ್ದಿದೆ, ಅದನ್ನು ತೊಳೆದು ಇಡು ಅಂದಿದ್ದಾರೆ. ಅವರವ್ವನ ಹಾಡಿಗೆ ಅದು ಬೇಕಂತೆ.